ಟ್ಯಾಬ್ ಯಾರ ಕೈಯಲ್ಲಿದೆ, ಯಾರ ಖಾತೆಯಲ್ಲಿದೆ?

ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಹಳೆಯ ಟ್ಯಾಬ್ ಕುರಿತ ಪತ್ರಗಳು ಹೆಚ್ಚಾಗುತ್ತವೆ. ಈ ಸಲ ಬಂದವುಗಳಲ್ಲಿ ಬಹುಪಾಲು ಅಂಗಡಿಯ ಹೊರಗೆ, ಪರಿಚಯವಿಲ್ಲದ ವ್ಯಕ್ತಿಯಿಂದ ನೇರವಾಗಿ ಕೊಳ್ಳುವವರದು. ಹೀಗೆ ಕೊಂಡರೆ ಹಣ ಉಳಿಯುತ್ತದೆ, ನಿಜ. ಆದರೆ ಕೆಟ್ಟರೆ ವಾಪಸ್ ಕೊಡಲು ಅಂಗಡಿಯ ಬಾಗಿಲು ಇರುವುದಿಲ್ಲ. ಆದ್ದರಿಂದ ಉತ್ತರಗಳನ್ನು ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಪಿಡಿಎಫ್ ಓದಲು ಟ್ಯಾಬ್ ಬೇಕು. ಒಬ್ಬರು ಒಳ್ಳೆಯ ಐಪ್ಯಾಡನ್ನು 9,000 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ‘ಪಾಸ್‌ವರ್ಡ್ ಮರೆತುಹೋಗಿದೆ, ನೀವು ರೀಸೆಟ್ ಮಾಡಿಕೊಂಡರೆ ಹೊಸದರಂತೆ ಆಗುತ್ತದೆ’ ಎಂದಿದ್ದಾರೆ. ತೆಗೆದುಕೊಳ್ಳಬಹುದೇ ಸರ್?
– ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. ಅವರು ಹೇಳಿದ ಹಾಗೆ ಆಗುವುದಿಲ್ಲ.

ಇದರ ಹಿಂದಿನ ಕಾರಣ ತಿಳಿದುಕೊಂಡರೆ ಮುಂದೆ ಯಾರೂ ನಿಮಗೆ ಮೋಸ ಮಾಡಲಾರರು. 2013ರಿಂದ ಆ್ಯಪಲ್ ಸಾಧನಗಳಿಗೆ ಆ್ಯಕ್ಟಿವೇಶನ್ ಲಾಕ್ ಎಂಬ ಬೀಗ ಬಂದಿದೆ. ಐಪ್ಯಾಡ್‌ನಲ್ಲಿ ಒಬ್ಬರು ತಮ್ಮ ಆ್ಯಪಲ್ ಖಾತೆ ಹಾಕಿ ‘ಫೈಂಡ್ ಮೈ’ ಚಾಲೂ ಮಾಡಿದ ಕ್ಷಣದಿಂದ ಆ ಸಾಧನ ಅವರ ಹೆಸರಿಗೆ ಕಂಪನಿಯ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಟ್ಯಾಬ್‌ನ ಒಳಗಿರುವುದನ್ನೆಲ್ಲ ಅಳಿಸಿದರೂ ಆ ದಾಖಲೆ ಅಳಿಯದು. ಮತ್ತೆ ಆನ್ ಮಾಡಿ ಇಂಟರ್‌ನೆಟ್‌ಗೆ ಸೇರಿಸಿದ ಕೂಡಲೇ ಹಳೆಯ ಮಾಲೀಕರ ಪಾಸ್‌ವರ್ಡ್ ಕೇಳುತ್ತದೆ. ಆಂಡ್ರಾಯ್ಡ್‌ಗೂ 2015ರ 5.1 ಆವೃತ್ತಿಯಿಂದ ಇಂಥದೇ ಬೀಗ ಇದೆ. ಬಟನ್‌ಗಳನ್ನು ಒತ್ತಿ ಹಿಡಿದು ಒತ್ತಾಯದ ರೀಸೆಟ್ ಮಾಡಿದರೆ, ಮೊದಲಿದ್ದ ಗೂಗಲ್ ಖಾತೆಯಿಂದಲೇ ತೆರೆಯಬೇಕು ಎಂದು ಹಟ ಹಿಡಿಯುತ್ತದೆ. ಕದ್ದ ಮಾಲು ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದೇ ಈ ವ್ಯವಸ್ಥೆ. ಹೀಗಾಗಿ ಟ್ಯಾಬ್ ಯಾರ ಕೈಯಲ್ಲಿದೆ ಎನ್ನುವುದು ಮುಖ್ಯವಲ್ಲ. ಒಳಗೆ ಯಾರ ಖಾತೆ ಇದೆಯೋ ಅವರೇ ಅದರ ಯಜಮಾನರು.

ನಾನು ವರ್ಷಗಟ್ಟಲೆ ರಿಪೇರಿ ಮೇಜಿನ ಮುಂದೆ ಕುಳಿತವನು. ಕೊರೊನಾ ಕಾಲದ ಆನ್‌ಲೈನ್ ತರಗತಿಗಳ ದಿನಗಳಲ್ಲಿ ಒಬ್ಬ ತಂದೆ ಮಗಳಿಗೆಂದು ಹೀಗೇ ಕೊಂಡ ಟ್ಯಾಬ್ ತಂದಿದ್ದರು. ಒಂದು ಗೆರೆಯೂ ಬಿದ್ದಿರಲಿಲ್ಲ, ಡಿಸ್‌ಪ್ಲೇ ಕನ್ನಡಿಯಂತಿತ್ತು. ಆದರೆ ಬೇರೆ ಯಾರದೋ ಖಾತೆ ಅದರಲ್ಲಿ ಕುಳಿತಿತ್ತು. ಮಾರಿದವನ ಫೋನ್ ಸ್ವಿಚ್ ಆಫ್. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಅವರು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದದ್ದು ನನಗೆ ಇನ್ನೂ ಮರೆತಿಲ್ಲ.

ಕ್ರಮ ಹೀಗಿರಲಿ. ಐಪ್ಯಾಡ್ ಆದರೆ ಮಾರುವವರು ನಿಮ್ಮ ಎದುರೇ ಸೆಟ್ಟಿಂಗ್ಸ್‌ಗೆ ಹೋಗಿ, ಮೇಲ್ಗಡೆ ಕಾಣುವ ತಮ್ಮ ಹೆಸರನ್ನು ಒತ್ತಿ ಸೈನ್ ಔಟ್ ಆಗಬೇಕು. ಅಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಅದು ನೆನಪಿದ್ದವರೇ ನಿಜವಾದ ಮಾಲೀಕರು. ಆಂಡ್ರಾಯ್ಡ್ ಆದರೆ ಗೂಗಲ್ ಖಾತೆ, ಸ್ಯಾಮ್‌ಸಂಗ್ ಟ್ಯಾಬ್ ಆಗಿದ್ದರೆ ಸ್ಯಾಮ್‌ಸಂಗ್ ಖಾತೆ, ಎರಡನ್ನೂ ತೆಗೆಯಬೇಕು. ಇದಾದ ಮೇಲೆಯೇ ಫ್ಯಾಕ್ಟರಿ ರೀಸೆಟ್. ಆಮೇಲೆ ಟ್ಯಾಬ್ ನಿಮ್ಮ ಕೈಗೆ ಬರಲಿ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ನಿಮ್ಮದೇ ಖಾತೆ ಹಾಕಿ, ಆ್ಯಪ್‌ಗಳ ಚಿತ್ರಗಳಿರುವ ಮುಖಪುಟ ತೆರೆಯುವವರೆಗೂ ಕಾಯಿರಿ. ನಡುವೆ ನಕ್ಷತ್ರ ಚಿಹ್ನೆಗಳಿಂದ ಅರೆಬರೆ ಮುಚ್ಚಿದ ಬೇರೆಯವರ ಇಮೇಲ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಖಪುಟ ಬಂದ ಮೇಲೆ ಹಣ. ಅದಕ್ಕೂ ಮೊದಲು ಒಂದು ರೂಪಾಯಿಯೂ ಬೇಡ.

‘ಖಾತೆ ನಮ್ಮ ಅಣ್ಣನದು, ಅವನು ಊರಲ್ಲಿದ್ದಾನೆ’ ಎಂದರೆ ಸುಳ್ಳೆಂದೇ ತಿಳಿಯಬೇಕಿಲ್ಲ. ಆ್ಯಪಲ್ ಖಾತೆಯಾದರೆ ಅಣ್ಣ ಎಲ್ಲಿದ್ದರೂ ಐಕ್ಲೌಡ್ ಮೂಲಕ ಆ ಐಪ್ಯಾಡನ್ನು ಅಳಿಸಿ ತನ್ನ ಖಾತೆಯಿಂದ ಬಿಡಿಸಬಲ್ಲ. ಕೆಲವೇ ನಿಮಿಷದ ಕೆಲಸ. ನೀವು ಎದುರಿಗಿರುವಾಗಲೇ ಫೋನ್ ಮಾಡಿಸಿ. ‘ಆಮೇಲೆ ಮಾಡಿಸುತ್ತೇನೆ’ ಎಂದರೆ ನೀವೂ ಆಮೇಲೆ ಬನ್ನಿ.

ಪ್ರಶ್ನೆ: ಪಿಯುಸಿ ಓದುವ ಮಗಳಿಗಾಗಿ ಪರಿಚಿತರ ಪರಿಚಿತರಿಂದ ಟ್ಯಾಬ್ ತೆಗೆದುಕೊಂಡೆವು. ನನ್ನ ಖಾತೆಯನ್ನೇ ಹಾಕಿದ್ದೆ, ಒಂದು ವಾರ ಚೆನ್ನಾಗಿತ್ತು. ಏನೋ ನಿಧಾನವಾಯಿತೆಂದು ರೀಸೆಟ್ ಮಾಡಿದ ಮೇಲೆ ‘ಈ ಸಾಧನವನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ’ ಎಂಬರ್ಥದ ಪರದೆ ಬರುತ್ತಿದೆ. ಏನಿದು?
– ಗೃಹಿಣಿ, ಬೆಂಗಳೂರು

ಉತ್ತರ: ಅಮ್ಮ, ಇದು ಎರಡನೆಯ ಬಗೆಯ ಬೀಗ. ಇದರ ಬಗ್ಗೆ ತಿಳಿದವರು ಕಡಿಮೆ. ಕಂಪನಿಗಳು, ಶಾಲೆಗಳು, ಕೋರ್ಸ್ ಮಾರುವ ಸಂಸ್ಥೆಗಳು ಟ್ಯಾಬ್‌ಗಳನ್ನು ಒಟ್ಟಿಗೆ ಕೊಂಡು, ಒಂದೊಂದರ ಸೀರಿಯಲ್ ನಂಬರನ್ನೂ ತಮ್ಮ ಹೆಸರಿಗೆ ನೋಂದಾಯಿಸಿರುತ್ತವೆ. ಯಾವ ಆ್ಯಪ್ ಇರಬೇಕು, ಯಾವುದು ತೆರೆಯಬಾರದು ಎಂದು ದೂರದಿಂದಲೇ ನಿಯಂತ್ರಿಸುವ ಸಲುವಾಗಿ. ಕೆಲಸ ಬಿಟ್ಟವರು, ಕೋರ್ಸ್ ಮುಗಿಸಿದವರು ಅದನ್ನು ಮಾರಿಬಿಡುತ್ತಾರೆ. ಕೆಲವರಿಗೆ ಇದು ತಪ್ಪೆಂದೇ ಗೊತ್ತಿರುವುದಿಲ್ಲ. ನಿಮ್ಮದರಲ್ಲಿ ಯಾರೋ ಆ ನಿಯಂತ್ರಣವನ್ನು ತಾತ್ಕಾಲಿಕವಾಗಿ ಮರೆಮಾಚಿ ಮಾರಿರಬಹುದು. ರೀಸೆಟ್ ಆಗಿ ಇಂಟರ್‌ನೆಟ್ ಸಿಕ್ಕೊಡನೆ ಟ್ಯಾಬ್ ಸರ್ವರನ್ನು ಕೇಳಿತು, ಸರ್ವರ್ ಸತ್ಯ ಹೇಳಿತು.

ಇದನ್ನು ಬಿಡಿಸುವ ಅಧಿಕಾರ ಆ ಸಂಸ್ಥೆಗೆ ಮಾತ್ರ. ಪರದೆಯ ಮೇಲೆ ಸಂಸ್ಥೆಯ ಹೆಸರಿದ್ದರೆ ಫೋಟೊ ತೆಗೆದುಕೊಳ್ಳಿ. ಮಾರಿದವರಿಗೆ ತೋರಿಸಿ, ಹಣ ವಾಪಸ್ ಕೇಳಿ. ಅವರು ‘ಸಂಸ್ಥೆಯೇ ನನಗೆ ಕೊಟ್ಟುಬಿಟ್ಟಿದೆ’ ಎಂದರೆ, ಸೀರಿಯಲ್ ನಂಬರ್ ಕೊಟ್ಟು ನೋಂದಣಿಯಿಂದ ತೆಗೆಸುವಂತೆ ಅವರಿಂದಲೇ ಸಂಸ್ಥೆಗೆ ಬರೆಸಿ. ‘ಇಷ್ಟು ಕೊಟ್ಟರೆ ಅನ್‌ಲಾಕ್ ಮಾಡಿಕೊಡುತ್ತೇವೆ’ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಅವರು ಮಾಡುವುದು ಅದೇ ಮರೆಮಾಚುವ ಕೆಲಸ. ಮುಂದಿನ ರೀಸೆಟ್‌ಗೆ ಮತ್ತೆ ಇದೇ ಪರದೆ.

ಕೊಳ್ಳುವವರಿಗೆ ಇಲ್ಲೊಂದು ಪಾಠವಿದೆ. ಮಾರುವವರು ಮೊದಲೇ ‘ರೆಡಿ ಮಾಡಿ’ ತಂದ ಟ್ಯಾಬನ್ನು ಹಾಗೇ ಒಪ್ಪಬೇಡಿ. ನಿಮ್ಮೆದುರು ಇನ್ನೊಮ್ಮೆ ರೀಸೆಟ್ ಆಗಲಿ, ಇಂಟರ್‌ನೆಟ್ ಸೇರಲಿ. ಈ ಎರಡನೆಯ ಬೀಗ ಹೊರಬೀಳುವುದು ಆಗಲೇ.

ಪ್ರಶ್ನೆ: ಜಾಹೀರಾತು ನೋಡಿ ಫೋನ್ ಮಾಡಿದೆ. ಸೈನ್ಯದಲ್ಲಿದ್ದಾರಂತೆ, ವರ್ಗವಾಗಿದೆಯಂತೆ. ಗುರುತಿನ ಚೀಟಿಯ ಫೋಟೊ ಕಳಿಸಿದರು. 2,000 ರೂಪಾಯಿ ಮುಂಗಡ ಹಾಕಿದರೆ ಪಾರ್ಸಲ್ ಕಳಿಸುತ್ತಾರಂತೆ. ನಂಬಿಕೆ ಬರುವಂತೆ ಮಾತಾಡಿದರು.
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಹಣ ಹಾಕಬೇಡಿ ಮೇಷ್ಟ್ರೇ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಮೋಸ ಇದು. ದೇಶದ ಉದ್ದಗಲಕ್ಕೂ ನಡೆದಿದೆ. ಫೋಟೊದಲ್ಲಿ ಬಂದ ಗುರುತಿನ ಚೀಟಿ ಯಾರದ್ದೂ ಆಗಿರಬಹುದು. ಹಾಗೆಯೇ ‘ಪರಿಶೀಲನೆಗೆ’ ಎಂದು ಕ್ಯೂಆರ್ ಕೋಡ್ ಕಳಿಸಿದರೆ ಸ್ಕ್ಯಾನ್ ಮಾಡಬೇಡಿ. ಯುಪಿಐ ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಹೋಗಲಿಕ್ಕೆ. ಹಣ ಬರಲು ಪಿನ್ ಬೇಕಾಗಿಯೇ ಇಲ್ಲ. ಈಗಾಗಲೇ ಹಣ ಕಳಿಸಿದ್ದರೆ ಈ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಪ್ರಶ್ನೆ: ಭಾನುವಾರ ಒಬ್ಬರನ್ನು ಭೇಟಿಯಾಗಿ ಟ್ಯಾಬ್ ನೋಡಲಿದ್ದೇನೆ. ಸಿಗುವುದು ಅರ್ಧ ಗಂಟೆ. ಏನೇನು ನೋಡಲಿ?
– ಖಾಸಗಿ ಉದ್ಯೋಗಿ, ದಾವಣಗೆರೆ

ಉತ್ತರ: ಭೇಟಿಯ ಜಾಗದಿಂದಲೇ ಶುರು ಮಾಡೋಣ. ಅವರ ಮನೆಗೆ ಕರೆದರೆ ಒಳ್ಳೆಯದು, ವಿಳಾಸ ಸಿಕ್ಕಂತಾಯಿತು. ಹೆಣ್ಣುಮಕ್ಕಳಾದರೆ, ಅಥವಾ ಮನಸ್ಸಿಗೆ ಹಿಡಿಸದಿದ್ದರೆ, ಹಗಲು ಹೊತ್ತು ಜನ ಓಡಾಡುವ ಹೋಟೆಲ್ ಸಾಕು, ಆದರೆ ಪ್ಲಗ್ ಪಾಯಿಂಟ್ ಇರಬೇಕು. ಚಾರ್ಜರ್, ಇಯರ್‌ಫೋನ್, ಜೊತೆಗೊಬ್ಬ ಸ್ನೇಹಿತ, ಇಷ್ಟನ್ನು ಕರೆದೊಯ್ಯಿರಿ.

ಟ್ಯಾಬ್ ಕೈಗೆ ಸಿಕ್ಕ ಕೂಡಲೇ ಆನ್ ಮಾಡಬೇಡಿ. ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ, ಒಂದು ಮೂಲೆ ಒತ್ತಿ ನೋಡಿ. ತೂಗಾಡಿದರೆ, ಅಥವಾ ಪಕ್ಕದಿಂದ ಕಣ್ಣಳತೆ ಹಿಡಿದಾಗ ಡಿಸ್‌ಪ್ಲೇ ಫ್ರೇಮಿನಿಂದ ಮೇಲೆದ್ದಂತೆ ಕಂಡರೆ, ಟ್ಯಾಬ್ ಬೆಂಡಾಗಿದೆ ಇಲ್ಲವೇ ಒಳಗಿನ ಬ್ಯಾಟರಿ ಊದಿದೆ. ಊದಿದ ಲಿಥಿಯಂ ಬ್ಯಾಟರಿ ಬೆಂಕಿಯ ಅಪಾಯ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಮಕ್ಕಳಿರುವ ಮನೆಗೆ ತರಬೇಡಿ. ಟ್ಯಾಬ್‌ಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಬದಲಿಸಲು ಡಿಸ್‌ಪ್ಲೇ ಬಿಸಿ ಮಾಡಿ ಎಬ್ಬಿಸಬೇಕು, ಆ ಹೊತ್ತಿಗೆ ಗಾಜು ಒಡೆಯುವುದೂ ಉಂಟು.

ಆನ್ ಮಾಡಿದ ಮೇಲೆ ಬ್ಯಾಟರಿ ಶೇಕಡಾವಾರು ಗುರುತು ಮಾಡಿಕೊಂಡು, ಬ್ರೈಟ್‌ನೆಸ್ ಅರ್ಧಕ್ಕಿಂತ ತುಸು ಮೇಲಿಟ್ಟು ಒಂದು ವೀಡಿಯೊ ಓಡಿಸಿ. ಹೊಸ ಐಪ್ಯಾಡ್‌ಗೆ ಕಂಪನಿ ಹೇಳುವ ಲೆಕ್ಕ ಸುಮಾರು 10 ಗಂಟೆ. ಅಂದರೆ 20 ನಿಮಿಷಕ್ಕೆ 3–4 ಅಂಶ ಇಳಿಯಬೇಕು. ಹಳೆಯದು 5–6 ಇಳಿದರೆ ಚಿಂತೆಯಿಲ್ಲ. 10 ಇಳಿದರೆ ಆ ಟ್ಯಾಬ್ ಸುಮಾರು ಮೂರೂಕಾಲು ಗಂಟೆ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಬ್ಯಾಟರಿಯ ಆರೋಗ್ಯವನ್ನು ಸೆಟ್ಟಿಂಗ್ಸ್‌ನಲ್ಲೇ ತೋರಿಸುವ ಸೌಲಭ್ಯ ಐಪ್ಯಾಡ್‌ಗಳಲ್ಲಿ ಬಂದದ್ದು 2024ರ ಮಾದರಿಗಳಿಂದ. ಅದಕ್ಕಿಂತ ಹಳೆಯದಕ್ಕೆ ಈ ಪರೀಕ್ಷೆಯೇ ಗತಿ.

ಆಮೇಲೆ ಡಿಸ್‌ಪ್ಲೇ. ಒಂದು ಆ್ಯಪ್ ಚಿತ್ರವನ್ನು ಒತ್ತಿ ಹಿಡಿದು, ಬೆರಳೆತ್ತದೆ, ಹೊಲ ಉತ್ತ ಹಾಗೆ ಸಾಲುಸಾಲಾಗಿ ಇಡೀ ಪರದೆಯ ಮೇಲೆ ಎಳೆಯಿರಿ. ಎಲ್ಲಾದರೂ ಕೈಬಿಟ್ಟು ಬಿದ್ದರೆ ಅಲ್ಲಿ ಟಚ್ ಸತ್ತಿದೆ. ಖಾಲಿ ಬಿಳಿ ಪುಟ ತೆರೆದರೆ ಹಳದಿ ಕಲೆ, ಒತ್ತಡದ ಗುರುತು ಕಾಣುತ್ತವೆ. ಚಾರ್ಜರ್ ಸಿಕ್ಕಿಸಿ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ. ಚಾರ್ಜ್ ನಿಂತು ನಿಂತು ಬಂದರೆ ಪೋರ್ಟ್ ಸವೆದಿದೆ. ಇದು ರಿಪೇರಿ ಆಗುವಂಥದ್ದು, ಅದಕ್ಕೆ ತಕ್ಕಂತೆ ಬೆಲೆ ಮಾತಾಡಬಹುದು. ಕ್ಯಾಮೆರಾ, ಮೈಕು, ಸ್ಪೀಕರ್‌ಗೆ ಒಂದು ವೀಡಿಯೊ ಕರೆ ಸಾಕು.

ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು, ಸಾಧನ ಸರ್ಟಿಫೈಡ್ ಎಂದಿದೆಯೇ ನೋಡಿ. ಹೆಸರೇ ಕೇಳದ ಕಂಪನಿಯ ಟ್ಯಾಬ್‌ನಲ್ಲಿ 512 ಜಿಬಿ ಎಂದು ಬರೆದಿದ್ದರೆ ಬರಹವನ್ನು ನಂಬಬೇಡಿ. ತೋರಿಸುವ ಸಂಖ್ಯೆಯನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಲು ಸಾಧ್ಯ.

ಪ್ರಶ್ನೆ: ಬಿಲ್ ಕಳೆದುಹೋಗಿದೆ, ಬಾಕ್ಸೂ ಇಲ್ಲ ಎನ್ನುತ್ತಾರೆ. ಕದ್ದದ್ದಾಗಿದ್ದರೆ ಕೊಂಡ ನನಗೂ ತೊಂದರೆಯೇ?
– ಅಂಗಡಿ ವ್ಯಾಪಾರಿ, ಶಿವಮೊಗ್ಗ

ಉತ್ತರ: ತೊಂದರೆ ಎರಡು ಬಗೆಯದು. 1930ರ ಸರಕು ಮಾರಾಟ ಕಾಯ್ದೆಯ ಮೂಲ ತತ್ವವೇ, ತನ್ನದಲ್ಲದ್ದನ್ನು ಮಾರುವವನು ಕೊಳ್ಳುವವನಿಗೆ ಒಡೆತನ ಕೊಡಲಾರ ಎನ್ನುವುದು. ನಿಜವಾದ ಮಾಲೀಕರು ಬಂದರೆ ವಸ್ತು ಅವರದು, ನಿಮ್ಮ ಹಣ ಮಾರಿದವನ ಜೇಬಿನಲ್ಲಿ. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ. ಕದ್ದದ್ದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದರೆ ಮೂರು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಪ್ರಾಮಾಣಿಕವಾಗಿ ಕೊಂಡವರು ಹೆದರಬೇಕಿಲ್ಲ. ಆದರೆ ಬಿಲ್ ಇಲ್ಲ, ಬೀಗ ತೆರೆಯುತ್ತಿಲ್ಲ, ಬೆಲೆ ಕಾಲುಭಾಗ, ಇವೆಲ್ಲ ಸೇರಿದಾಗ ‘ನನಗೆ ಸಂಶಯವೇ ಬರಲಿಲ್ಲ’ ಎಂದು ಠಾಣೆಯಲ್ಲಿ ಹೇಳುವುದು ಕಷ್ಟ.

ಸಿಮ್ ಹಾಕುವ ಟ್ಯಾಬ್ ಆದರೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ, ಡಯಲರ್ ಇದ್ದರೆ *#06# ಒತ್ತಿದರೂ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿ. ಕೇಂದ್ರ ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ, ನಕಲಿ ಸಂಖ್ಯೆ ಎಂಬ ಉತ್ತರ ಬಂದರೆ ಎದ್ದು ಬನ್ನಿ. ಬರೀ ವೈಫೈ ಇರುವ ಟ್ಯಾಬ್‌ಗೆ ಐಎಂಇಐ ಇರುವುದೇ ಇಲ್ಲ. ಹೀಗಾಗಿ ಈ ಜಾಲಕ್ಕೆ ಅದು ಸಿಗದು. ಅಲ್ಲಿ ಬಿಲ್ ಹಾಗೂ ಖಾತೆಯ ಪಾಸ್‌ವರ್ಡ್, ಇವೆರಡೇ ಸಾಕ್ಷಿ.

ಬಿಲ್ ನಿಜವಾಗಿಯೂ ಕಳೆದಿರಬಹುದು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಅವರ ಖಾತೆಯ ಹಳೆಯ ಆರ್ಡರ್‌ಗಳಲ್ಲಿ ಇರುತ್ತದೆ, ತೆರೆದು ತೋರಿಸಲಿ. ಅದೂ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಮಾದರಿ, ಸೀರಿಯಲ್ ನಂಬರ್, ಮೊತ್ತ, ದಿನಾಂಕ, ಇಬ್ಬರ ಹೆಸರು ವಿಳಾಸ ಬರೆದು ಸಹಿ ಮಾಡಿಸಿಕೊಳ್ಳಿ. ಆಧಾರ್ ಕೇಳುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಪ್ರಾಮಾಣಿಕ ಮಾರಾಟಗಾರರ ಗುಟ್ಟನ್ನೂ ನಾವು ಕಾಯಬೇಕು. ಹಣವನ್ನು ಯುಪಿಐನಲ್ಲೇ ಕೊಡಿ. ಕಾಣಿಸುವ ಹೆಸರು ಹಾಳೆಯಲ್ಲಿನ ಹೆಸರಿಗೆ ತಾಳೆಯಾಗಲಿ. ಅಪರೂಪಕ್ಕೊಮ್ಮೆ ಮಾರುವ ವ್ಯಕ್ತಿ ಗ್ರಾಹಕ ಕಾನೂನಿನ ಅರ್ಥದಲ್ಲಿ ವ್ಯಾಪಾರಿಯಲ್ಲ. ಆದ್ದರಿಂದ ಮುಂದೆ ಜಗಳವಾದರೆ ನಿಮ್ಮ ಪರ ನಿಲ್ಲುವುದು ಈ ಹಾಳೆಯೇ.

ಪ್ರಶ್ನೆ: ಯಕ್ಷಗಾನ ನೋಡಲು ಟ್ಯಾಬ್ ಬೇಕು. ಪಕ್ಕದ ಬೀದಿಯವರು ಐಪ್ಯಾಡ್ ಏರ್ 2 ಕೊಡುತ್ತೇನೆ ಎನ್ನುತ್ತಾರೆ, 6,000 ರೂಪಾಯಿ. ಗೊತ್ತಿರುವವರೇ, ಮೋಸವಿಲ್ಲ.
– ಹಿರಿಯ ನಾಗರಿಕರು, ಸಾಗರ

ಉತ್ತರ: ಮೋಸವಿಲ್ಲದಿರಬಹುದು, ಆದರೆ ಬೆಲೆ ಹೆಚ್ಚಾಯಿತು. ಅದು 2014ರ ಮಾದರಿ. ಅದಕ್ಕೆ ಸಿಗುವ ಕೊನೆಯ ಸಾಫ್ಟ್‌ವೇರ್ ಐಪ್ಯಾಡ್ಓಎಸ್ 15. ಹೊಸ ಆ್ಯಪ್‌ಗಳು ಒಂದೊಂದಾಗಿ ಅದನ್ನು ಬಿಟ್ಟು ಹೋಗುತ್ತಿವೆ. ಬ್ಯಾಂಕಿನ ವ್ಯವಹಾರವನ್ನಂತೂ ಅದರಲ್ಲಿ ಇಟ್ಟುಕೊಳ್ಳಬೇಡಿ. ಅದೇ ಮೊತ್ತಕ್ಕೆ ಸ್ವಲ್ಪ ಸೇರಿಸಿದರೆ 2020ರ ಎಂಟನೇ ತಲೆಮಾರಿನ ಐಪ್ಯಾಡ್ ಸಿಗುತ್ತದೆಯೇ ವಿಚಾರಿಸಿ; ಅದಕ್ಕೆ ಐಪ್ಯಾಡ್ಓಎಸ್ 26 ಕೂಡ ಬಂದಿದೆ. ಪಕ್ಕದ ಬೀದಿಯವರದ್ದೇ ಬೇಕೆನಿಸಿದರೆ ಎರಡು ದಿನ ಮನೆಗೆ ತಂದು, ನೀವು ನೋಡುವ ಪ್ರಸಂಗವನ್ನೇ ಹಾಕಿ ನೋಡಿ. ಚಂಡೆಯ ಸದ್ದಿಗೆ ಸ್ಪೀಕರ್ ಒಡೆಯದೆ, ಭಾಗವತರ ಪದ ಸ್ಪಷ್ಟವಾಗಿ ಕೇಳಿ, ಒಂದು ಪ್ರಸಂಗ ಮುಗಿಯುವವರೆಗೆ ಚಾರ್ಜ್ ನಿಂತರೆ 2,500ಕ್ಕೆ ಕೇಳಿ. ಅವರ ಮಗನೋ ಮಗಳೋ ಬಂದಾಗ ಹಳೆಯ ಖಾತೆ ತೆಗೆಸಿಕೊಳ್ಳುವುದನ್ನು ಮಾತ್ರ, ಗೊತ್ತಿರುವವರೆಂಬ ಸಂಕೋಚಕ್ಕೆ ಬಿಡಬೇಡಿ.