ನೆಲ ಮುಟ್ಟದ ಗೆರೆ

ಅಕ್ಕ ತಂಗಿಯರೇ, ಇಂದಿನ ಪಾಠಕ್ಕೆ ಒಂದು ಮಣ್ಣಿನ ಗಡಿಗೆ ತನ್ನಿ. ಗಡಿಗೆಯ ಹೊಟ್ಟೆಯ ಸುತ್ತ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯೋಣ. ಗಡಿಗೆಯನ್ನು ಭೂಮಿ ಅಂದುಕೊಂಡರೆ, ಇದು ಭೂಮಧ್ಯರೇಖೆ. ಈಗ ಕೆಳಗೆ, ತಳದ ಕಡೆ, ಇನ್ನೊಂದು ಗೆರೆ ಎಳೆಯೋಣ. ಇದು ಚಿಕ್ಕದಾಯ್ತು ಅಲ್ವಾ? ಭೂಮಿಯ ಮೇಲೂ ಹಾಗೇನೇ. ಭೂಮಧ್ಯರೇಖೆಯ ಉದ್ದ ಸುಮಾರು 40,000 ಕಿಲೋಮೀಟರ್. ದಕ್ಷಿಣದ 60ನೇ ಗೆರೆಯ ಉದ್ದ ಅದರ ಅರ್ಧ. ಇಂಥ ಗೆರೆಗಳಿಗೆ ಅಕ್ಷಾಂಶ ಎಂದು ಹೆಸರು. ಇವು ನಕ್ಷೆಯಲ್ಲಿ ಮಾತ್ರ ಕಾಣುತ್ತವೆ.

ನಾವು ಮಂಗಳೂರಿನಿಂದ ಹಡಗು ಹತ್ತಿ ನೇರ ದಕ್ಷಿಣಕ್ಕೆ ಹೊರಟೆವು ಅನ್ನೋಣ. ಸುಮಾರು 8,000 ಕಿಲೋಮೀಟರ್ ಹೋದ ಮೇಲೆ ಈ ಗೆರೆ ಸಿಗುತ್ತದೆ. ದಾರಿಯುದ್ದಕ್ಕೂ ನೀರೇ ನೀರು. ಅಲ್ಲಿ ಹಡಗನ್ನು ಪೂರ್ವಕ್ಕೆ ತಿರುಗಿಸೋಣ. ಗೆರೆ ಬಿಡದೆ ಹೋದರೆ ಭೂಮಿಯನ್ನು ಸುತ್ತಿ ತಿರುಗಿದ ಜಾಗಕ್ಕೇ ಬರುತ್ತೇವೆ. ಒಂದು ಊರು, ಒಂದು ದ್ವೀಪ ಕೂಡ ಅಡ್ಡ ಬರೋದಿಲ್ಲ. ಉತ್ತರದ 60ನೇ ಗೆರೆ ಹೀಗಲ್ಲ. ಅದು ರಷ್ಯಾ, ಕೆನಡಾ, ನಾರ್ವೆ ದೇಶಗಳ ನೆಲ ದಾಟಿ ಹೋಗುತ್ತದೆ.

ದಕ್ಷಿಣದಲ್ಲಿ ತಡೆಯಲು ನೆಲ ಇಲ್ಲವಲ್ಲ, ಹಾಗಾಗಿ ಗಾಳಿಯ ಆರ್ಭಟ ಜಾಸ್ತಿ. ಅಲೆಗಳು ಮನೆಗಿಂತ ಎತ್ತರ ಏಳುತ್ತವೆ. ಈ ಭಾಗದ ಕಡಲ ನೀರು ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುತ್ತಲೇ ಇರುತ್ತದೆ. ಜಗತ್ತಿನ ಅತಿ ದೊಡ್ಡ ಸಾಗರ ಪ್ರವಾಹ ಇದೇ. ಸಿಗಡಿಯಂಥ ಪುಟ್ಟ ಜೀವಿಗಳು ಇಲ್ಲಿ ರಾಶಿ ರಾಶಿ. ಅವನ್ನೇ ತಿಂದು ದೊಡ್ಡ ದೊಡ್ಡ ತಿಮಿಂಗಿಲಗಳು ಬದುಕುತ್ತವೆ.

ಗೆರೆಯ ಆಚೆ ಅಂಟಾರ್ಕ್ಟಿಕಾ ಎಂಬ ಹಿಮದ ಖಂಡವಿದೆ. ಅಲ್ಲಿ ಊರು ಕಟ್ಟಿ ಬಾಳಿದ ಜನರಿಲ್ಲ. ಆದರೂ ಏಳು ದೇಶಗಳು "ಇಷ್ಟು ಜಾಗ ನಮ್ಮದು" ಎಂದವು. ಮೂರು ದೇಶಗಳು ಕೇಳಿದ ಜಾಗ ಒಂದರ ಮೇಲೊಂದು ಬಿತ್ತು. ಹೊಲದ ಬದುವಿನ ಜಗಳ ಎಂಥದ್ದು ಅಂತ ನಮಗೆ ಗೊತ್ತಿದ್ದದ್ದೇ!

1959ರ ಡಿಸೆಂಬರ್ 1ರಂದು 12 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 60ನೇ ಗೆರೆಯ ದಕ್ಷಿಣಕ್ಕೆ ಸೈನ್ಯದ ನೆಲೆ ಕಟ್ಟಬಾರದು, ಅಣುಬಾಂಬು ಸಿಡಿಸಬಾರದು, ಹೊಸದಾಗಿ ಯಾರೂ ಹಕ್ಕು ಕೇಳಬಾರದು ಎಂದು ಒಪ್ಪಿದವು. ಹಳೆಯ ಹಕ್ಕಿನ ಮಾತನ್ನು ಆ ದೇಶಗಳು ಇನ್ನೂ ಬಿಟ್ಟುಕೊಟ್ಟಿಲ್ಲ. ಆದರೆ ಜಗಳ ಅಲ್ಲಿಗೇ ನಿಂತಿದೆ. ಅದೇ ದೊಡ್ಡದು ಅಂತ ನಮಗನ್ನಿಸುತ್ತದೆ. ಅಲ್ಲಿ ಗಣಿ ತೋಡಬಾರದು ಎಂದು 1991ರಲ್ಲಿ ಇನ್ನೊಂದು ಒಪ್ಪಂದವಾಯಿತು.

ಭಾರತ 1983ರಲ್ಲಿ ಮೊದಲಿನ ಒಪ್ಪಂದಕ್ಕೆ ಸೇರಿತು. ಅದೇ ವರ್ಷ ಗೆರೆ ದಾಟಿ ಹೋದ ನಮ್ಮ ವಿಜ್ಞಾನಿಗಳ ತಂಡದಲ್ಲಿ ಇಬ್ಬರು ಹೆಂಗಸರಿದ್ದರು. ಅದಿತಿ ಪಂತ್ ಕಡಲನ್ನು ಓದಿದವರು. ಸುದೀಪ್ತಾ ಸೇನ್‌ಗುಪ್ತಾ ಕಲ್ಲು ಬಂಡೆಗಳನ್ನು ಓದಿದವರು. ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಇವರೇ.

2012ರಲ್ಲಿ ನಮ್ಮ ದೇಶ ಅಲ್ಲಿ 'ಭಾರತಿ' ಎಂಬ ಸಂಶೋಧನಾ ಕೇಂದ್ರ ತೆರೆಯಿತು. ಅದು ಹೆಚ್ಚುಕಡಿಮೆ ಮಂಗಳೂರಿನ ನೇರಕ್ಕೇ ಇದೆ. ಗೋಡೆಯ ನಕ್ಷೆಯಲ್ಲಿ ಮಂಗಳೂರಿನ ಮೇಲೆ ಬೆರಳಿಡಿ. ಕೆಳಗೆ ಎಳೆಯುತ್ತಾ ಹೋಗಿ. 60 ಎಂಬ ಅಂಕಿ ಎಲ್ಲಿದೆ, ಓದಿ ಹೇಳಿ.