ತಲೆನೋವು, ಕುತ್ತಿಗೆ ಮತ್ತು ಕೈಚಿಕಿತ್ಸೆ

ತಲೆನೋವಿನ ಬಗ್ಗೆ ಬರೆಯಬೇಕಾದವರು ವಿಜ್ಞಾನ ವಿಭಾಗದವರು. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಆದರೂ ಈ ವಿಷಯ ನಮ್ಮ ಮನೆಗೇ ಬಂದು ಕುಳಿತಿದ್ದರಿಂದ ಓದಲೇಬೇಕಾಯಿತು. ನಮ್ಮ ಅಮ್ಮಿ ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಈದ್ ಹತ್ತಿರ ಬಂದರೆ ರಾತ್ರಿ ಹನ್ನೆರಡಾದರೂ ಯಂತ್ರದ ಸದ್ದು ನಿಲ್ಲುವುದಿಲ್ಲ. ತಲೆ ನೋಯಲು ಶುರುವಾದರೆ ದುಪಟ್ಟಾವನ್ನು ಹಣೆಗೆ ಬಿಗಿಯಾಗಿ ಕಟ್ಟಿಕೊಂಡು, ಅಂಗಡಿಯಿಂದ ತರಿಸಿದ ಮಾತ್ರೆ ನುಂಗಿ, ಮತ್ತೆ ಕೆಲಸಕ್ಕೆ ಕೂರುತ್ತಾರೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಖಾಲಾ ಫೋನ್ ಮಾಡಿದಾಗ, "ಇಲ್ಲಿ ಆಸ್ಟಿಯೋಪತಿಯವರು ಕೈಯಿಂದಲೇ ತಲೆನೋವು ಇಳಿಸುತ್ತಾರೆ. ಅಲ್ಲೂ ಯಾರಾದರೂ ಇದ್ದರೆ ಆಪಾನನ್ನು ಕರೆದುಕೊಂಡು ಹೋಗು" ಎಂದರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಆಸ್ಟಿಯೋಪತಿಯನ್ನು ಆರಂಭಿಸಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917). 1864ರಲ್ಲಿ ಮಿದುಳು ಪೊರೆಯ ಜ್ವರಕ್ಕೆ ಅವರ ಮೂವರು ಮಕ್ಕಳು ಬಲಿಯಾದರು. ಆ ಕಾಲದ ಔಷಧಗಳ ಮೇಲೆ ಅವರಿಗಿದ್ದ ನಂಬಿಕೆ ಹೊರಟುಹೋಯಿತು. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಸರಿಪಡಿಸಿದರೆ ದೇಹ ತಾನೇ ಗುಣವಾಗುತ್ತದೆ ಎಂಬ ತಮ್ಮ ವಿಚಾರವನ್ನು 1874ರಲ್ಲಿ ಪ್ರಕಟಿಸಿದರು. 1892ರಲ್ಲಿ ಮಿಸ್ಸೂರಿ ರಾಜ್ಯದ ಕರ್ಕ್ಸ್‌ವಿಲ್ ಊರಿನಲ್ಲಿ ಮೊದಲ ಆಸ್ಟಿಯೋಪತಿ ಶಾಲೆ ತೆರೆದರು. ಸ್ವಾರಸ್ಯವೆಂದರೆ ಇದಕ್ಕೆಲ್ಲ ಮೂಲ ಒಂದು ತಲೆನೋವು. ಸುಮಾರು ಹತ್ತು ವರ್ಷದವರಿದ್ದಾಗ ತಲೆ ನೋಯುತ್ತಿತ್ತಂತೆ. ತಂದೆಯ ನೇಗಿಲ ಹಗ್ಗವನ್ನು ಎರಡು ಮರಗಳ ನಡುವೆ ನೆಲದಿಂದ ಗೇಣೆತ್ತರಕ್ಕೆ ಕಟ್ಟಿ, ಮೇಲೆ ಕಂಬಳಿ ಹಾಕಿ, ಅದರ ಮೇಲೆ ಕುತ್ತಿಗೆ ಇಟ್ಟು ಮಲಗಿದರಂತೆ. ನಿದ್ದೆ ಹತ್ತಿತು, ಎದ್ದಾಗ ನೋವು ಇರಲಿಲ್ಲ. ಇದನ್ನು ಅವರೇ ತಮ್ಮ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾರೆ. (ನಿದ್ದೆಯಿಂದಲೇ ಹೋಯಿತೋ ಹಗ್ಗದಿಂದ ಹೋಯಿತೋ ಎಂದು ನಮ್ಮ ವಿಜ್ಞಾನ ವಿಭಾಗದ ಗೆಳೆಯ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ.)

ಇಂದು ಅಮೆರಿಕದಲ್ಲಿ ಆಸ್ಟಿಯೋಪತಿ ಕಾಲೇಜಿನಲ್ಲಿ ಓದಿದವರು ಪೂರ್ಣ ಪ್ರಮಾಣದ ವೈದ್ಯರು, ಶಸ್ತ್ರಚಿಕಿತ್ಸೆಯನ್ನೂ ಮಾಡಬಹುದು. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಅವರು ಮುಖ್ಯವಾಗಿ ಕೈಚಿಕಿತ್ಸೆ ಮಾಡುವವರು, 1993ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ನಮ್ಮ ಊರಿನಲ್ಲಿ ಆಸ್ಟಿಯೋಪತಿಯವರು ಒಬ್ಬರೂ ಇಲ್ಲ. ಆದರೆ ಕುತ್ತಿಗೆಯ ಕೈಚಿಕಿತ್ಸೆಯನ್ನು ಫಿಜಿಯೊಥೆರಪಿಯವರೂ ಕಲಿತಿರುತ್ತಾರೆ. ಅವರ ಪದವಿಗೆ ಇಂಟರ್ನ್‌ಶಿಪ್ ಕೂಡ ಸೇರಿರುತ್ತದೆ.

ಕುತ್ತಿಗೆ ಮುಟ್ಟಿದರೆ ತಲೆನೋವು ಇಳಿಯುವುದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಕುತ್ತಿಗೆಯ ಮೇಲ್ಭಾಗದಿಂದ ಹೊರಡುವ ಮೊದಲ ಮೂರು ಜೋಡಿ ನರಗಳು ಅಲ್ಲಿಯ ಕೀಲು, ಸ್ನಾಯು, ಹಿಂದಲೆಯ ಸುದ್ದಿಯನ್ನು ಒಯ್ಯುತ್ತವೆ. ಹಣೆ ಮತ್ತು ಮುಖದ ಸುದ್ದಿಯನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಎರಡೂ ಮಿದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಶಾಖೆಗಳ ವೋಚರುಗಳು ಒಂದೇ ಖಾತೆಗೆ ಜಮೆಯಾದಂತೆ. ಯಾವ ಶಾಖೆಯದು ಎಂದು ಹೆಡ್ ಆಫೀಸಿಗೆ ಗೊತ್ತಾಗುವುದಿಲ್ಲ. ಹಾಗಾಗಿ ತೊಂದರೆ ಕುತ್ತಿಗೆಯಲ್ಲಿದ್ದರೂ ನೋವು ಹಣೆಯಲ್ಲಿ, ಕಣ್ಣಿನ ಹಿಂದೆ ಕಾಣಿಸಿಕೊಳ್ಳಬಹುದು. ತಲೆಯ ತೂಕ ಸುಮಾರು 5 ಕೆ.ಜಿ. ಬಟ್ಟೆಯ ಮೇಲೋ ಪುಸ್ತಕದ ಮೇಲೋ ಮೊಬೈಲಿನ ಮೇಲೋ ಗಂಟೆಗಟ್ಟಲೆ ಬಾಗಿದರೆ ಅದನ್ನು ಹಿಡಿದು ನಿಲ್ಲಿಸುವ ಹಿಂದಿನ ಸ್ನಾಯುಗಳಿಗೆ ಬಿಡುವೇ ಇಲ್ಲ.

ಆದರೆ ಎಲ್ಲ ತಲೆನೋವೂ ಕುತ್ತಿಗೆಯದಲ್ಲ. ಅತಿ ಸಾಮಾನ್ಯವಾದದ್ದು ಬಿಗಿತದ ತಲೆನೋವು. ಎರಡೂ ಕಡೆ ಪಟ್ಟಿ ಕಟ್ಟಿದ ಹಾಗೆ ಒತ್ತುತ್ತದೆ, ಓಡಾಡಿದರೆ ಹೆಚ್ಚಾಗುವುದಿಲ್ಲ. ಮೈಗ್ರೇನ್ ಬೇರೆ ಜಾತಿ. ಹೆಚ್ಚಾಗಿ ಒಂದೇ ಕಡೆ ಮಿಡಿಯುವ ನೋವು, ವಾಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು. ಮದ್ದು ಮಾಡದಿದ್ದರೆ 4ರಿಂದ 72 ಗಂಟೆ ಇರುತ್ತದೆ. ಕನ್ನಡದಲ್ಲಿ ಅರೆತಲೆನೋವು, ಉರ್ದುವಿನಲ್ಲಿ ಆಧಾಸೀಸೀ. ಮೈಗ್ರೇನ್ ಎಂಬುದರ ಗ್ರೀಕ್ ಮೂಲಕ್ಕೂ ಅರ್ಧ ತಲೆ ಎಂದೇ ಅರ್ಥ. ಮೂರೂ ಭಾಷೆಯವರು ಬೇರೆ ಬೇರೆ ಊರಲ್ಲಿ ಕುಳಿತು ಒಂದೇ ಹೆಸರಿಟ್ಟಿದ್ದಾರೆ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದವರು ಶೇ. 63.9. ಮೈಗ್ರೇನ್ ಇದ್ದವರು ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಅದು ಹೆಚ್ಚು.

ಇನ್ನು ಕೈಚಿಕಿತ್ಸೆಯ ಕ್ರಮ. ಮೊದಲು ಪ್ರಶ್ನೆಗಳು, ನಂತರ ಕುತ್ತಿಗೆ ಎಷ್ಟು ತಿರುಗುತ್ತದೆ, ಎಲ್ಲಿ ಒತ್ತಿದರೆ ನೋಯುತ್ತದೆ ಎಂಬ ಪರೀಕ್ಷೆ. ಆಮೇಲೆ ರೋಗಿಯನ್ನು ಅಂಗಾತ ಮಲಗಿಸಿ, ತಲೆಬುರುಡೆಯ ಅಂಚಿನ ಕೆಳಗೆ ಬೆರಳ ತುದಿಗಳನ್ನಿಟ್ಟು, ತಲೆಯ ಭಾರ ಅದರ ಮೇಲೆ ಬೀಳುವಂತೆ ಕೆಲವು ನಿಮಿಷ ಹಿಡಿಯುತ್ತಾರೆ. ಅಲ್ಲಿರುವ ಸಣ್ಣ ಸ್ನಾಯುಗಳು ನಿಧಾನವಾಗಿ ಸಡಿಲವಾಗುತ್ತವೆ. ಭುಜ, ಬೆನ್ನಿನ ಮೇಲ್ಭಾಗವನ್ನೂ ಹೀಗೆಯೇ ಸಡಿಲಿಸುತ್ತಾರೆ. ಕೆಲವರು ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ಲಟಕ್ಕನೆ ಸದ್ದು ಮಾಡಿಸುವುದೂ ಉಂಟು. ಸ್ಟಿಲ್ ಅವರ ಶಿಷ್ಯ ಸದರ್ಲೆಂಡ್ ಎಂಬವರು ತಲೆಬುರುಡೆಯ ಮೂಳೆಗಳೇ ಲಯಬದ್ಧವಾಗಿ ಅಲುಗುತ್ತವೆ, ಅದನ್ನು ಕೈಯಿಂದ ಸರಿಮಾಡಬಹುದು ಎಂದು ಹೇಳಿದ್ದರು. ಅದಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿಲ್ಲ.

ಪುರಾವೆ ಎಷ್ಟಿದೆ? ಸೊಂಟನೋವಿಗೆ ಇರುವಷ್ಟು ತಲೆನೋವಿಗಿಲ್ಲ. ಕುತ್ತಿಗೆಯಿಂದ ಬರುವ ತಲೆನೋವಿನಲ್ಲಿ ಕೈಚಿಕಿತ್ಸೆ ಮತ್ತು ವ್ಯಾಯಾಮ ಎರಡೂ ಸೇರಿದಾಗ ಉಪಯೋಗವಾಗುತ್ತದೆ ಎನ್ನಲು ಅಧ್ಯಯನಗಳಿವೆ. ಮೈಗ್ರೇನಿಗೆ ನಡೆದ ಪರೀಕ್ಷೆಗಳು ಹೆಚ್ಚಾಗಿ ಸಣ್ಣವು. ಒಂದು ತೊಡಕೂ ಇದೆ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಕೈಗೆ ಸುಳ್ಳು ಕೈ ಎಲ್ಲಿಂದ ತರುವುದು? ಅರ್ಧ ಗಂಟೆ ಯಾರಾದರೂ ಪ್ರೀತಿಯಿಂದ ತಲೆ ಹಿಡಿದರೆ, ದಾದಿಯ ಚಂಪಿಯಲ್ಲೂ ನೋವು ಕಡಿಮೆಯೇ ಅನಿಸುತ್ತದೆ.

ಚಂಪಿ ಸರಿ. ಆದರೆ ಹುಡುಗರಿಗೆ ಒಂದು ಮಾತು: ಕಟಿಂಗ್ ಆದ ಮೇಲೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ಕೆನ್ನಿಸಿಕೊಳ್ಳಬೇಡಿ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಲಕವೇ ಹೋಗುತ್ತವೆ. ಜೋರಾಗಿ ತಿರುಗಿಸಿದಾಗ, ಅಪರೂಪಕ್ಕೆ, ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ತರಬೇತಿ ಪಡೆದವರ ಬಳಿ ಹೋದರೂ ಥಟ್ಟನೆ ತಿರುಗಿಸುವುದು ಬೇಡ ಎಂದು ಹೇಳುವ ಹಕ್ಕು ನಮಗಿದೆ.

ಇಷ್ಟು ಓದಿದ ಮೇಲೆ ಅಮ್ಮಿಯನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದಕ್ಕಿಂತ, ಅಮ್ಮಿಯದು ಯಾವ ತಲೆನೋವು ಎಂಬುದೇ ಮೊದಲ ಪ್ರಶ್ನೆ ಅನಿಸಿತು. ಉತ್ತರಕ್ಕೆ ನಮಗೆ ಗೊತ್ತಿರುವ ಉಪಾಯ ಲೆಡ್ಜರ್. ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಗೆರೆ ಹಾಕಿದೆ. ದಿನಾಂಕ, ಶುರುವಾದ ಸಮಯ, ಯಾವ ಕಡೆ, ಎಷ್ಟು ಹೊತ್ತು, ವಾಕರಿಕೆ ಇತ್ತೇ, ಆ ದಿನದ ನಿದ್ದೆ, ಚಹಾ, ಮಾತ್ರೆ. ಒಂದು ತಿಂಗಳು ಬರೆದೆವು. ನೋವಿನ ಅಂಕಣಕ್ಕಿಂತ ಮಾತ್ರೆಯ ಅಂಕಣವೇ ಗಾಬರಿ ಹುಟ್ಟಿಸಿತು. 30 ದಿನಗಳಲ್ಲಿ 17 ದಿನ ಮಾತ್ರೆ.

ತಲೆನೋವಿನ ಮಾತ್ರೆಯೇ ತಲೆನೋವು ತರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ನಿಮ್ಮಲ್ಲೂ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲೇ ತಲೆನೋವು ಇರುವವರು ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಈ ಅಪಾಯವಿದೆ. ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳಿಗೆ ಮಿತಿ ಇನ್ನೂ ಕಡಿಮೆ, 10 ದಿನ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಹಲವು ಮಾತ್ರೆಗಳಲ್ಲಿ ನೋವಿನ ಔಷಧದ ಜೊತೆ ಕೆಫೀನ್ ಇರುತ್ತದೆ. ಅಮ್ಮಿಯದೂ ಅಂಥದೇ. ರೋಜಾದ ಮೊದಲ ದಿನಗಳಲ್ಲಿ ಮಧ್ಯಾಹ್ನದ ಮೇಲೆ ತಲೆ ಸಿಡಿಯುವುದಕ್ಕೆ ಕಾರಣಗಳಲ್ಲಿ ಒಂದು ಈ ಕೆಫೀನೇ. ದಿನಕ್ಕೆ ಐದಾರು ಲೋಟ ಚಹಾ ಕುಡಿಯುವವರಿಗೆ ಅದು ಒಮ್ಮೆಲೇ ನಿಂತಾಗ ಹೀಗಾಗುತ್ತದೆ. ಶಾಬಾನ್ ತಿಂಗಳಿನಿಂದಲೇ ಚಹಾ ಕಡಿಮೆ ಮಾಡುತ್ತ ಬಂದರೆ ಅಷ್ಟು ಕಷ್ಟವಾಗುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ವೈದ್ಯರು ನೋಟ್‌ಬುಕ್ಕನ್ನು ಪೂರ್ತಿ ತಿರುವಿ ನೋಡಿದರು. ಮಾತ್ರೆ ನಿಲ್ಲಿಸಬೇಕು, ಮೊದಲು ನೋವು ಹೆಚ್ಚಾಗುತ್ತದೆ, ಹೆದರಬಾರದು ಎಂದು ಮೊದಲೇ ತಿಳಿಸಿದರು. ಹಾಗೇ ಆಯಿತು. ಮೊದಲ ಹತ್ತು ದಿನ ಮನೆಯಲ್ಲಿ ಅಡುಗೆ ಮಾಡಿದ್ದು ಅಬ್ಬಾ ಮತ್ತು ನಾನು. ಅದೇ ಆಸ್ಪತ್ರೆಯ ಫಿಜಿಯೊಥೆರಪಿ ವಿಭಾಗದಲ್ಲಿ ಕುತ್ತಿಗೆಗೆ ಆರು ಬಾರಿ ಚಿಕಿತ್ಸೆ ಕೊಟ್ಟು, ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯುವ ವ್ಯಾಯಾಮ ಕಲಿಸಿದರು. ಯಂತ್ರದ ಮೇಜನ್ನು ಇಟ್ಟಿಗೆ ಇಟ್ಟು ನಾಲ್ಕು ಇಂಚು ಎತ್ತರಿಸಿದೆವು. ಮೂರನೇ ತಿಂಗಳ ಲೆಕ್ಕದಲ್ಲಿ ತಲೆನೋವಿನ ದಿನಗಳು 7, ಮಾತ್ರೆ 3. ಇದರಲ್ಲಿ ಕೈಚಿಕಿತ್ಸೆಯ ಪಾಲೆಷ್ಟು, ಮಾತ್ರೆ ಬಿಟ್ಟದ್ದರ ಪಾಲೆಷ್ಟು ಎಂದು ವಿಂಗಡಿಸಲು ಆಗುವುದಿಲ್ಲ. ನನ್ನ ಅಂದಾಜಿನಲ್ಲಿ ದೊಡ್ಡ ಪಾಲು ಮಾತ್ರೆಯದೇ.

ಕೆಲವು ತಲೆನೋವುಗಳಿಗೆ ಕೈಚಿಕಿತ್ಸೆಯೂ ಬೇಡ, ಲೆಡ್ಜರೂ ಬೇಡ, ತಕ್ಷಣ ಆಸ್ಪತ್ರೆಯೇ ಬೇಕು. ಒಂದು ನಿಮಿಷದೊಳಗೆ ಸಿಡಿಲಿನಂತೆ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದಿರುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ದೃಷ್ಟಿ ಮಂಜಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ತಲೆನೋವು. ಮೊದಲಿನವು ಕಂಡರೆ 108ಕ್ಕೆ ಕರೆ ಮಾಡಬೇಕು. ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ: ಕ್ರಿಕೆಟ್ ಚೆಂಡು ತಲೆಗೆ ಬಡಿದ ಹುಡುಗ ತಲೆನೋವು ಎಂದರೆ ಅವನನ್ನು ಒಬ್ಬನೇ ಬಸ್ಸು ಹತ್ತಿಸಿ ಮನೆಗೆ ಕಳಿಸಬೇಡಿ. ಮನೆಯವರು ಬರುವವರೆಗೆ ಯಾರಾದರೂ ಅವನ ಜೊತೆ ಕುಳಿತಿರಲಿ.