ನಿದ್ದೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಜ್ವರ ಎಬ್ಬಿಸುತ್ತಾ?

ಹಾಸ್ಟೆಲ್‌ನಲ್ಲಿ ಒಬ್ಬರಿಗೆ ಜ್ವರ, ಕೆಮ್ಮು ಬಂದ್ರೆ ಮೂರ್ನಾಲ್ಕು ದಿನದಲ್ಲಿ ಇಡೀ ಫ್ಲೋರ್ ಕೆಮ್ಮುತ್ತಿರುತ್ತೆ. ಅದೇ ಕೆಮ್ಮು ಹೊತ್ಕೊಂಡು ಶನಿವಾರ ಬಸ್ ಹತ್ತಿ ಊರಿಗೆ ಹೋಗ್ತೀವಿ. ನಮ್ಮ ಗುಂಪಿನ ಒಬ್ಬನ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಗುಣವಾಗಿ ಆರು ವರ್ಷ ಆಯ್ತು. "ಕೆಮ್ಮು ಇದ್ರೆ ಹತ್ರ ಬರಬೇಡಪ್ಪ" ಅಂತ ಅವರು ಅಂದಾಗ ಅವನು ನಕ್ಕುಬಿಟ್ಟಿದ್ದ. ಆಮೇಲೆ ನಾವೆಲ್ಲ ಕೂತು ಓದಿದ್ವಿ. ನಗೋ ವಿಷಯ ಅಲ್ಲ ಅಂತ ಗೊತ್ತಾಯ್ತು.

ನಿದ್ದೆ ಅಂದ್ರೇನು?

ಸ್ತನದಲ್ಲಿ ಗಡ್ಡೆ ಇದ್ದಾಗಲೇ ಕೆಲವು ಕೋಶಗಳು ರಕ್ತದ ಮೂಲಕ ಶ್ವಾಸಕೋಶ, ಮೂಳೆ ಸೇರಿರಬಹುದು. ಅಲ್ಲಿ ಅವು ಬೆಳೆಯದೆ, ಸಾಯದೆ ವರ್ಷಗಟ್ಟಲೆ ಸುಮ್ಮನೆ ಇರುತ್ತವೆ, ಲ್ಯಾಪ್‌ಟಾಪ್ ಸ್ಲೀಪ್ ಮೋಡ್‌ನಲ್ಲಿ ಇದ್ದ ಹಾಗೆ. ಚಿಕಿತ್ಸೆ ಮುಗಿದು ಹತ್ತು, ಇಪ್ಪತ್ತು ವರ್ಷದ ಮೇಲೂ ಕೆಲವರಲ್ಲಿ ಕಾಯಿಲೆ ಮರಳೋದಕ್ಕೆ ಇದೊಂದು ಕಾರಣ. ಹಾಗಾದ್ರೆ ಅವನ್ನು ಎಬ್ಬಿಸೋದು ಯಾವುದು?

ಇಲಿಗಳಲ್ಲಿ ಕಂಡದ್ದು

2025ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೊಂದು ಉತ್ತರ ಕೊಟ್ಟಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಜೇಮ್ಸ್ ಡಿಗ್ರೆಗೊರಿ ಮತ್ತು ಸಂಗಡಿಗರು, ಶ್ವಾಸಕೋಶದಲ್ಲಿ ಇಂಥ ನಿದ್ದೆಯ ಕೋಶಗಳಿದ್ದ ಇಲಿಗಳಿಗೆ ಇನ್‌ಫ್ಲುಯೆಂಜಾ ಸೋಂಕು ತಗುಲಿಸಿದರು. ಕೆಲವೇ ದಿನಗಳಲ್ಲಿ ಕೋಶಗಳು ಎದ್ದು ವಿಭಜನೆ ಶುರು ಮಾಡಿದವು. ಕೋವಿಡ್ ವೈರಸ್‌ನಲ್ಲೂ ಹೀಗೇ ಆಯ್ತು.

ಇಲ್ಲಿ ಎಬ್ಬಿಸಿದ್ದು ನೇರವಾಗಿ ವೈರಸ್ ಅಲ್ಲ. ಸೋಂಕಿನ ವಿರುದ್ಧ ನಮ್ಮ ದೇಹವೇ ಇಂಟರ್‌ಲ್ಯುಕಿನ್-6 ಅನ್ನೋ ಪ್ರೋಟೀನನ್ನು ಬಿಡುಗಡೆ ಮಾಡುತ್ತೆ. ಉರಿಯೂತ ಹೆಚ್ಚಿಸೋ ಸಂದೇಶ ಅದು. ಆ ಸಂದೇಶ ನಿದ್ದೆಯ ಕೋಶಕ್ಕೂ ತಲುಪುತ್ತೆ. ಇಂಟರ್‌ಲ್ಯುಕಿನ್-6 ಇಲ್ಲದ ಇಲಿಗಳಲ್ಲಿ ಈ ಬೆಳವಣಿಗೆ ಬಹಳ ಕಡಿಮೆ ಇತ್ತು. ಸೋಂಕು ಇಳಿದ ಮೇಲೆ ಕೋಶಗಳು ಹೆಚ್ಚುಕಡಿಮೆ ಮತ್ತೆ ಮಲಗಿದವು, ಆದರೆ ಅವುಗಳ ಸಂಖ್ಯೆ ಮೊದಲಿಗಿಂತ ತುಂಬಾ ಜಾಸ್ತಿ ಆಗಿತ್ತು.

ಮನುಷ್ಯರಲ್ಲಿ?

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡೋ ಹಾಗಿಲ್ಲ, ಹಳೇ ದಾಖಲೆಗಳನ್ನೇ ನೋಡಬೇಕು. ಅಮೆರಿಕದ ಸುಮಾರು 37,000 ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿದಾಗ, ಕೋವಿಡ್ ಬಂದವರಲ್ಲಿ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವ ಅಪಾಯ ಸುಮಾರು 1.4 ಪಟ್ಟು ಇತ್ತು. ಈ ಸಂಖ್ಯೆಯನ್ನು ತಪ್ಪಾಗಿ ಓದಬಾರದು. ನೂರರಲ್ಲಿ 40 ಜನಕ್ಕೆ ಹರಡುತ್ತೆ ಅಂತ ಇದರರ್ಥ ಅಲ್ಲ. ಉದಾಹರಣೆಗೆ, ಮೊದಲೇ ಇದ್ದ ಅಪಾಯ ನೂರಕ್ಕೆ 5 ಅಂತಿಟ್ಕೊಂಡ್ರೆ ಅದು 7 ಆಗುತ್ತೆ, ಅಷ್ಟೇ. ಜೊತೆಗೆ, ಎರಡು ವಿಷಯ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯ್ತು ಅನ್ನೋಕಾಗಲ್ಲ. ಇಲಿಗಳ ಪ್ರಯೋಗವೂ ಅದೇ ದಿಕ್ಕಿಗೆ ಬೆರಳು ತೋರಿಸೋದರಿಂದ ಇದಕ್ಕೆ ತೂಕ ಬಂದಿದೆ.

ನಾವೇನು ಮಾಡಬಹುದು?

ಜ್ವರದಿಂದ ಸ್ತನ ಕ್ಯಾನ್ಸರ್ ಬರುತ್ತೆ ಅಂತ ಈ ಅಧ್ಯಯನ ಹೇಳ್ತಿಲ್ಲ. ಗುಣವಾದವರು ಪ್ರತಿ ಸೀನಿಗೂ ಹೆದರಬೇಕಾಗಿಯೂ ಇಲ್ಲ. ಫ್ಲೂ, ಕೋವಿಡ್ ಲಸಿಕೆ ಬಗ್ಗೆ ಅವರು ತಮ್ಮ ಡಾಕ್ಟರ್ ಹತ್ರ ಕೇಳಬಹುದು. ನಮ್ಮ ಪಾಲಿನ ಕೆಲಸ ಇನ್ನೂ ಸುಲಭ: ಜ್ವರ, ಕೆಮ್ಮು ಇದ್ದಾಗ ಊರಿನ ಪ್ರಯಾಣ ಒಂದು ವಾರ ಮುಂದಕ್ಕೆ ಹಾಕೋದು, ಹೋಗಲೇಬೇಕಾದ್ರೆ ಮಾಸ್ಕ್ ಹಾಕೋದು.

ನಮ್ಮ ಗೆಳೆಯ ಈ ಸಲ ಹಬ್ಬಕ್ಕೆ ಮೂರು ದಿನ ತಡವಾಗಿ ಹೋದ. ದೊಡ್ಡಮ್ಮ ಅವನಿಗೆ ಅಂತ ಹೋಳಿಗೆ ಎತ್ತಿಟ್ಟಿದ್ದರಂತೆ.